ಶುಕ್ರವಾರದ ಬೂದಿ

ನಮ್ಮ ಬಚ್ಚಲುಮನೆಯ ಗ್ಯಾಸ್ ಗೀಸರ್ ಮೊನ್ನೆ ಮತ್ತೆ ಮುನಿಸಿಕೊಂಡಿತು. ಚಟಚಟ ಅನ್ನುತ್ತದೆ, ಕಿಡಿ ಹಾರಿಸುತ್ತದೆ, ಉರಿ ಮಾತ್ರ ಹತ್ತುವುದಿಲ್ಲ. ರಿಪೇರಿಯವನು ಬಂದು ಸೆಲ್ಲು ಬದಲಾಯಿಸಿದ, ನೀರಿನ ಜಾಲರಿ ತೊಳೆದ, ಪೈಪಿಗೆ ಕಿವಿಗೊಟ್ಟು ಕೇಳಿದ, ಕೊನೆಗೆ ನನ್ನನ್ನೇ ಅನುಮಾನದಿಂದ ನೋಡಿದ. ನಾನು ಕೇಳಿದೆ, "ಅಲ್ಲಪ್ಪಾ, ಇವತ್ತು ಯಾವ ವಾರ?"

"ಶುಕ್ರವಾರ ರೀ ಅಮ್ಮಾ. ಯಾಕ್ರೀ?"

"ಹಂಗಾದ್ರೆ ಒಳಗೆ ಬೂದಿ ಕಟ್ಟೈತೆ, ನೋಡು."

ಗ್ಯಾಸಿನ ಗೀಸರಿನೊಳಗೆ ಬೂದಿ ಎಲ್ಲಿಂದ ಬರಬೇಕು! ಆ ಹುಡುಗ ನಗು ತಡೆದುಕೊಂಡು ಹೋಗಿ ಸಿಲಿಂಡರ್ ನೋಡಿದ. ರೆಗ್ಯುಲೇಟರನ್ನೇ ತಿರುಗಿಸಿರಲಿಲ್ಲ. ತಿರುಗಿಸಬೇಕಾದವಳು ನಾನೇ. ಅದಿರಲಿ, ಅದನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಮನೆಯಲ್ಲಿ ಏನು ಕೆಟ್ಟರೂ ಮೊದಲು ವಾರ ಕೇಳುವ ಈ ಚಟ ನನಗೆ ಅಂಟಿದ್ದು ಹೇಗೆ ಅಂತ ನಿಮಗೆ ಹೇಳಬೇಕು. ಹೇಳಿದರೆ ಈಗಲೂ ಮೈ ಉರಿಯುತ್ತದೆ, ಆದರೂ ಹೇಳುತ್ತೇನೆ.

ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ದಾವಣಗೆರೆಯ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಲೋಕವೆಲ್ಲ ಕೈಬಿಟ್ಟದ್ದನ್ನು ತಾವು ಹಿಡಿದುಕೊಳ್ಳುವುದರಲ್ಲಿ ಅವರಿಗೆ ಅದೇನು ಸುಖವೋ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದರಲ್ಲ, ಯುದ್ಧ ಮುಗಿಯಿತು, ಪೆಟ್ರೋಲು ಧಾರಾಳವಾಗಿ ಬಂತು, ಬಸ್ಸಿನವರೆಲ್ಲ ಆ ಒಲೆಗಳನ್ನು ಕಿತ್ತು ಗುಜರಿಗೆ ಹಾಕಿದರು. ಸರಿಯಾಗಿ ಆಗ, ಐವತ್ತರ ದಶಕದಲ್ಲಿ, ನಮ್ಮ ದೊಡ್ಡಪ್ಪ ಅಂಥದೊಂದು ಬಸ್ಸನ್ನು ಒಲೆಯ ಸಮೇತ ಕೊಂಡು ತಂದರು. ವಾರದ ದಿನ ಅದರಲ್ಲಿ ಹತ್ತಿಯ ಮೂಟೆ ಹೋಗುತ್ತಿತ್ತು. ಹಬ್ಬ ಹುಣ್ಣಿಮೆಗೆ ನಾವು ಹೋಗುತ್ತಿದ್ದೆವು. ಅದಕ್ಕೆ ಬೇಕಾದಷ್ಟು ಸೀಟೂ ಇರಲಿಲ್ಲ. ಅರ್ಧ ಜನ ಚಾಪೆ ಹಾಸಿಕೊಂಡು ಕೂರಬೇಕು. ಇಳಿದಾಗ ಎಲ್ಲರ ತಲೆಯಲ್ಲೂ ಹತ್ತಿ, ಹತ್ತಿಯ ಮೇಲೆ ಮಸಿ.

ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿ ಬಿಗಿದಿತ್ತು. ಮೇಲಿನಿಂದ ಇದ್ದಿಲು ತುಂಬಬೇಕು, ಕೆಳಗೆ ಬೆಂಕಿ ಹಾಕಬೇಕು, ಪಕ್ಕದಲ್ಲಿರುವ ಫ್ಯಾನಿನ ಹಿಡಿಕೆ ಹಿಡಿದು ತಿರುವಬೇಕು. ಆಗ ಇದ್ದಿಲು ಕೆಂಡವಾಗಿ ಗ್ಯಾಸು ಹುಟ್ಟುತ್ತದೆ, ಅದು ಕೊಳವೆಯಲ್ಲಿ ಹರಿದು, ಬಟ್ಟೆಯಲ್ಲಿ ಸೋಸಿಕೊಂಡು, ಮುಂದಿನ ಎಂಜಿನ್ನಿಗೆ ಹೋಗುತ್ತದೆ. ಹೋಗುತ್ತದೆ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಆ ಸೋಸುವ ಬಟ್ಟೆ ನಮ್ಮ ಅಪ್ಪನ ಹಳೆಯ ಧೋತರ. ಎಂಜಿನ್ ಶುರು ಮಾಡುವುದಕ್ಕೆ ಮಾತ್ರ ಒಂದು ಸೀಸೆ ಪೆಟ್ರೋಲು. ಆ ಸೀಸೆ ದೊಡ್ಡಪ್ಪನ ತೊಡೆಯ ಮೇಲೆ, ಹಾಲು ಕುಡಿಯುವ ಕೂಸಿನ ಹಾಗೆ.

ಬಸ್ಸು ಬಂದ ದಿನ ಅಜ್ಜಿ, ಅಂದರೆ ಅಪ್ಪನ ಅಮ್ಮ, ಪೀಪಾಯಿಗೆ ಮೂರೆಳೆ ವಿಭೂತಿ ಬಳಿದು, ಕಾಯಿ ಒಡೆದು, "ಇದೂ ನಮ್ಮನಿ ಒಲೀನೇ ಆತು ಬಿಡು" ಅಂದಳು. ನಾವೆಲ್ಲ ನಕ್ಕಿದ್ದೆವು. ಆ ಮಾತು ಮುಂದೆ ನಮ್ಮ ಕುತ್ತಿಗೆಗೆ ಬರುತ್ತದೆ ಅಂತ ಯಾರಿಗೆ ಗೊತ್ತು? ಯಾಕೆಂದರೆ ಮನೆಯ ಒಲೆಗೆ ಅಜ್ಜಿಯ ಕಾನೂನುಗಳಿದ್ದವು, ಅವುಗಳಲ್ಲಿ ಶುಕ್ರವಾರದ ಕಾನೂನು ಎಲ್ಲಕ್ಕಿಂತ ಬಿಗಿ. ಶುಕ್ರವಾರ ಹೆಪ್ಪಿಗೆ ಮಜ್ಜಿಗೆ ಕೊಡಬಾರದು. ಸೂಜಿ ಕೊಡಬಾರದು. ಉಗುರು ಕತ್ತರಿಸಬಾರದು. ಒಲೆಯ ಬೂದಿಯನ್ನಂತೂ ಹೊರಗೆ ಹಾಕಲೇಬಾರದು. ಬೂದಿಯ ಜೊತೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆ. ಪಕ್ಕದ ಮನೆಯಾಕೆ ಪಾತ್ರೆ ತಿಕ್ಕಲು ಹಿಡಿ ಬೂದಿ ಕೇಳಿಕೊಂಡು ಶುಕ್ರವಾರ ಬಂದರೆ ಅಜ್ಜಿ ಅವಳಿಗೆ ಊಟ ಬೇಕಾದರೆ ಹಾಕಿ ಕಳಿಸುತ್ತಿದ್ದಳು, ಬೂದಿ ಕೊಡುತ್ತಿರಲಿಲ್ಲ.

ಇನ್ನು ನಮ್ಮ ಅವ್ವನ ವಿಷಯ. ಅವ್ವನ ತವರು ಹರಿಹರ. ಅವಳಿಗೆ ಒಬ್ಬನೇ ತಮ್ಮ, ನನ್ನ ಮಾವ. ನಮ್ಮ ಸೋದರತ್ತೆಯ ಮದುವೆಯಲ್ಲಿ ಬೀಗರಿಗೆಲ್ಲ ಉಡುಗೊರೆ ಮಾಡುವಾಗ ಅಜ್ಜಿ ಮಾವನಿಗೆ ಜರಿಯ ರುಮಾಲು ಬಿಟ್ಟು ಬರೀ ಬಿಳಿ ರುಮಾಲು ಸುತ್ತಿಸಿದಳಂತೆ. ಜರಿಯದು ಕಡಿಮೆ ಬಿತ್ತೋ, ಬೇಕೆಂದೇ ಮಾಡಿದಳೋ, ದೇವರೇ ಬಲ್ಲ. ಮಾವ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು. ರುಮಾಲನ್ನು ಬಿಚ್ಚಿ ಚಪ್ಪರದ ಕಂಬಕ್ಕೆ ಸುತ್ತಿ ಹೊರಟೇಬಿಟ್ಟ. ಅಲ್ಲಿಂದ ಮುಂದೆ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವ್ವನನ್ನು ತವರಿಗೆ ಕಳಿಸಲು ಅಜ್ಜಿ ಒಪ್ಪಲಿಲ್ಲ. ಕರೆಯದೆ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ, ಕರೆಯುವ ಬುದ್ಧಿ ಮಾವನಿಗೆ ಇಲ್ಲ. ನಾನಂತೂ ಮಾವನ ಮುಖವನ್ನೇ ಮರೆತಿದ್ದೆ. ಅವ್ವ ಆ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ, ಆದರೆ ಹರಿಹರದ ಕಡೆಯವರು ಯಾರಾದರೂ ಅಂಗಡಿಗೆ ಬಂದರೆ ನಡುಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ಸಂಕ್ರಾಂತಿಗೆ ಮುಂಚೆ ಮಾವ ಹತ್ತಿ ತಂದವನೊಬ್ಬನ ಕೈಲಿ ಹೇಳಿಕಳಿಸಿದ: "ಸಂಕ್ರಾಂತಿ ದಿನ ಹೊಳೀಗೆ ಬುತ್ತಿ ತರ್ತೀನಿ. ಅಕ್ಕ ಬರ್ಲಿ, ಮನಿಯವ್ರನ್ನೂ ಕರ್ಕಂಡು ಬರ್ಲಿ. ಹೊತ್ತು ನೆತ್ತಿಗೆ ಬರೋ ತನಕ ಕಾಯ್ತೀನಿ. ಬರ್ಲಿಲ್ಲಂದ್ರೆ ಅಕೀಗೆ ತವರು ಬ್ಯಾಡಾಗೈತೆ ಅಂತ ತಿಳ್ಕಂತೀನಿ. ಮತ್ತೆ ಹೇಳಿಕಳ್ಸಲ್ಲ."

ದೊಡ್ಡಪ್ಪ ಧಾರಾಳವಾಗಿ ಒಪ್ಪಿದರು. ಸಂಕ್ರಾಂತಿಗೆ ಹೊಳೆಯ ಸ್ನಾನ ಆಗುತ್ತದೆ, ಊಟ ಬೀಗರದು, ಬಸ್ಸು ನಮ್ಮದು, ನಷ್ಟ ಏನಿದೆ? ಅಜ್ಜಿಯೂ "ಹೊಳಿ ಸ್ನಾನಕ್ಕೆ ಬರ್ತೀನಿ, ಯಾರ ಮಾರಿ ನೋಡಾಕೂ ಅಲ್ಲ" ಅಂತ ಒಪ್ಪಿದಳು. ಅವ್ವ ಆ ವಾರವೆಲ್ಲ ಸಜ್ಜೆ ರೊಟ್ಟಿ ಬಡಿದಳು, ಬಡಿಯುತ್ತ ಬಾಯೊಳಗೇ ಏನೇನೋ ಮಾತಾಡಿಕೊಂಡಳು. ತಮ್ಮ ಸಿಕ್ಕಾಗ ಏನು ಹೇಳಬೇಕು ಅಂತ ತಾಲೀಮು.

ಆ ವರ್ಷದ ಸಂಕ್ರಾಂತಿ ಶುಕ್ರವಾರ ಬಂತು.

ಬೆಳಿಗ್ಗೆ ಡ್ರೈವರ್ ಅಮೀರ್ ಸಾಬರು ಕೊಕ್ಕೆ ಹಿಡಿದು ಪೀಪಾಯಿಯ ಕೆಳಬಾಗಿಲು ತೆಗೆಯಲು ಕೂತರು. ಹಿಂದಿನ ದಿನದ ಬೂದಿಯನ್ನು ಕೆಡವಿಯೇ ಹೊಸ ಬೆಂಕಿ ಹಾಕುವುದು ಅವರ ರೂಢಿ. ಅಜ್ಜಿ ತುಳಸಿಗೆ ನೀರು ಹಾಕುತ್ತಿದ್ದವಳು ತಂಬಿಗೆ ಸಮೇತ ಓಡಿ ಬಂದಳು.

"ಏ ಅಮೀರಾ! ಇವತ್ತು ಶುಕ್ರವಾರ, ಅದರಾಗೂ ಹಬ್ಬ! ಮನಿ ಬೂದಿ ಹೊರಗೆ ಚೆಲ್ತೀಯೇನೋ?"

"ಅಮ್ಮಾ, ಇದು ಬಸ್ಸಿನ ಬೂದಿ. ಕೆಡವದಿದ್ರೆ ಉಸಿರು ಕಟ್ತೈತೆ ಅದಕ್ಕೆ."

"ಒಂದಿನಕ್ಕೆ ಯಾರೂ ಉಸಿರು ಕಟ್ಟಿ ಸತ್ತಿಲ್ಲ. ನಾಳೆ ಕೆಡವು."

ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ದೊಡ್ಡಪ್ಪ, "ಅಮ್ಮ ಹೇಳಿದ್ಮ್ಯಾಲೆ ಮುಗೀತು" ಅಂದರು. ಅಪ್ಪ ಬಾವಿಕಟ್ಟೆಯಲ್ಲಿ ಇದ್ದರು, ಕೇಳಿಸಿಕೊಂಡರು. ಅವ್ವ ರಂಗೋಲಿ ಹಾಕುತ್ತಿದ್ದಳು, ಕೇಳಿಸಿಕೊಂಡಳು. ನಾನು ತಲೆಗೆ ಎಣ್ಣೆ ಒತ್ತಿಸಿಕೊಂಡು ಜಗಲಿಯ ಮೇಲಿದ್ದೆ, ನಾನೂ ಕೇಳಿಸಿಕೊಂಡೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ನೆನಪಿಟ್ಟುಕೊಳ್ಳಿ: ಎಲ್ಲರಿಗೂ ಗೊತ್ತಿತ್ತು. ಅಮೀರ್ ಸಾಬರು "ಆತು, ಹರಿಹರ ಏನು ಮಹಾ ದೂರ" ಅಂತ ಕೊಕ್ಕೆಯನ್ನು ಮೊಳೆಗೆ ತಗುಲಿಹಾಕಿ, ಹಳೆ ಬೂದಿಯ ಮೇಲೇ ಹೊಸ ಇದ್ದಿಲು ಸುರಿದರು.

ದೊಡ್ಡಬಾತಿಯ ಹತ್ತಿರ ರಸ್ತೆ ಸ್ವಲ್ಪ ಏರುತ್ತದೆ. ಅಲ್ಲಿ ಬಸ್ಸು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಸೀನಿತು, ಆಮೇಲೆ ನಿಂತೇಬಿಟ್ಟಿತು.

ಅಯ್ಯೋ, ಅಲ್ಲಿಂದ ಶುರುವಾಯಿತು ನೋಡಿ ಪಂಡಿತರ ಸಭೆ! ದೊಡ್ಡಪ್ಪ ಇಳಿದು ಪೀಪಾಯಿಯನ್ನು ಒಂದು ಸುತ್ತು ಹಾಕಿ, "ಇದ್ಲಿ ಹಸಿ ಐತೆ" ಅಂದರು. ಇದ್ದಿಲು ಕೊಂಡು ತಂದವರು ಅವರೇ. ಬಣ್ಣದಲ್ಲಿ ಮಾತ್ರ ಇದ್ದಿಲಾಗಿದ್ದ, ಅರ್ಧಕ್ಕರ್ಧ ಮಣ್ಣಿದ್ದ ಜಾಲಿ ಇದ್ದಿಲು. ಅಮೀರ್ ಸಾಬರು ಅದನ್ನು ಒಪ್ಪದೆ, "ಇದ್ಲಿ ಅಲ್ಲ ಸಾವ್ಕಾರ್ರೆ, ಧೋತ್ರ ಕಟ್ಟಿಕಂಡೈತೆ" ಅಂದರು. ಸೋಸುವ ಪೆಟ್ಟಿಗೆ ಬಿಚ್ಚಿ ಅಪ್ಪನ ಹಳೆಯ ಧೋತರವನ್ನು ಹೊರಗೆಳೆದು ರಸ್ತೆಯ ಬದಿಯಲ್ಲಿ ಕೊಡವಿದರು. ಮಸಿ ಎದ್ದು ಅಪ್ಪನ ಹೊಸ ಧೋತರದ ಮೇಲೆ ಕೂತಿತು. ಅಪ್ಪ ಧೋತರ ಕೊಡವಿಕೊಂಡರು, ಅಷ್ಟೇ. ಅಣ್ಣನ ಎದುರಿಗೆ ಅಪ್ಪ ಯಾವತ್ತೂ ಏನೂ ಅನ್ನುತ್ತಿರಲಿಲ್ಲ.

ಫ್ಯಾನು ತಿರುವಬೇಕು ಅಂತಾಯಿತು. ಗಂಡಸರೆಲ್ಲ ಹಬ್ಬದ ಬಿಳಿ ಬಟ್ಟೆಯಲ್ಲಿದ್ದರು. ದೊಡ್ಡಪ್ಪ ಸುತ್ತ ಕಣ್ಣಾಡಿಸಿ ನನ್ನನ್ನು ಹಿಡಿದರು. "ಏ ಕೂಸೇ, ನಿನ್ನ ಲಂಗ ಹಸಿರೈತೆ, ಮಸಿ ಕಾಣಂಗಿಲ್ಲ. ನೀ ತಿರುವು." ಅದೆಂಥ ನ್ಯಾಯವೋ! ಅದು ನನ್ನ ಹೊಸ ರೇಷ್ಮೆ ಲಂಗ. ವರ್ಷಕ್ಕೊಂದು ಸಿಗುವ ಲಂಗ. ಹನ್ನೆರಡು ತುಂಬಿದ ಹುಡುಗಿ ನಾನು, ಹೊಳೆಯ ದಂಡೆಯಲ್ಲಿ ನಾಲ್ಕು ಜನ ನೋಡಲಿ ಅಂತ ಉಟ್ಟು ಬಂದವಳು, ನಡುರಸ್ತೆಯಲ್ಲಿ ರಾಗಿ ಬೀಸುವ ಹಾಗೆ ಫ್ಯಾನು ತಿರುವಿದೆ. ರಟ್ಟೆ ಬಿದ್ದುಹೋದವು. ಅಮೀರ್ ಸಾಬರು ಕಡ್ಡಿ ಗೀರಿ ಕೊಳವೆಯ ಬಾಯಿಗೆ ಹಿಡಿದರು. ನೀಲಿ ಉರಿ ಬಂದರೆ ಗ್ಯಾಸು ಹುಟ್ಟಿದೆ ಅಂತ ಲೆಕ್ಕ. ಕಡ್ಡಿ ಪುಸ್ ಅಂತ ಆರಿತು. ಇನ್ನೊಂದು ಗೀರಿದರು. ಅದೂ ಆರಿತು. "ಕಡ್ಡಿ ದಂಡ ಮಾಡಬ್ಯಾಡ್ರಿ" ಅಂದರು ದೊಡ್ಡಪ್ಪ.

ನಾನು ತಿರುವುತ್ತಲೇ ಅಂದೆ, "ದೊಡ್ಡಪ್ಪಾ, ಬೂದಿ..."

"ನೀ ಬಾಯಿ ಮುಚ್ಕಂಡು ತಿರುವು."

ಆಮೇಲೆ ದೊಡ್ಡಪ್ಪನಿಗೆ ಕೊಳವೆಯ ಮೇಲೆ ಅನುಮಾನ ಬಂತು. ಅಮೀರ್ ಸಾಬರು ಕೊಳವೆ ಬಿಚ್ಚಿ ಊದಿದರು. ಬಾಯಿ ಕಪ್ಪಾಯಿತು, ಬಸ್ಸು ಹಾಗೇ ಇತ್ತು. ಆಮೇಲೆ ಜನ ಹೆಚ್ಚಾಗಿದ್ದಾರೆ ಅಂತ ಎಲ್ಲರನ್ನೂ ಇಳಿಸಿದರು. ನಿಂತ ಬಸ್ಸಿನಿಂದ ಜನ ಇಳಿದರೆ ಅದಕ್ಕೆ ಏನು ಲಾಭ? ಅಜ್ಜಿಯನ್ನು ಮಾತ್ರ ಯಾರೂ ಇಳಿಸಲಿಲ್ಲ, ಅವಳು ಕಿಟಕಿಯಿಂದ ತಲೆ ಹಾಕಿ, "ಕಣ್ಣು ಬಿದ್ದೈತೆ ಕಣ್ರೋ. ಮಂಡಿಪ್ಯಾಟ್ಯಾಗೆ ಬಸ್ಸು ಇರೋದು ನಮ್ದೊಂದೇ ಅಲ್ವೇನು, ಎಷ್ಟು ಜನ ಹೊಟ್ಟೆ ಉರ್ಕಂತಾರೋ" ಅಂತ ತೀರ್ಪು ಕೊಟ್ಟಳು. ಆ ಡಬ್ಬವನ್ನು ನೋಡಿ ಯಾರಿಗಾದರೂ ಹೊಟ್ಟೆ ಉರಿದಿದ್ದರೆ ಅದು ಅದರ ಹೊಗೆಯಿಂದ. ಆದರೂ ನಿಂಬೆಹಣ್ಣು ಇಳಿ ತೆಗೆದರು, ಬುತ್ತಿಯ ಜೊತೆ ಇಟ್ಟಿದ್ದ ಕಾಯಿಯನ್ನು ಗಾಲಿಯ ಮುಂದೆ ಒಡೆದರು. ಅಮೀರ್ ಸಾಬರೂ ತಲೆಗೆ ಕರವಸ್ತ್ರ ಕಟ್ಟಿಕೊಂಡು ತಮ್ಮ ದೇವರನ್ನು ನೆನೆದರು. ಎರಡು ಕಡೆಯಿಂದಲೂ ಏನೂ ಆಗಲಿಲ್ಲ.

ಅಷ್ಟರಲ್ಲಿ ಹರಿಹರದ ಸರ್ವೀಸ್ ಬಸ್ಸು ಬಂತು. ಪೆಟ್ರೋಲಿನದು, ಸದ್ದಿಲ್ಲದೆ ಬೆಣ್ಣೆಯ ಹಾಗೆ ಬಂತು. ಕಂಡಕ್ಟರ್ ತಲೆ ಹೊರಗೆ ಹಾಕಿ ಕೇಳಿದ, "ಸಾವ್ಕಾರ್ರೆ, ಜಾಗ ಐತೆ, ಹೆಣ್ಮಕ್ಳನ್ನ ಹತ್ಸ್ರಿ!"

ಅವ್ವ ಒಂದು ಹೆಜ್ಜೆ ಮುಂದಿಟ್ಟಳು. ನಾನು ನೋಡಿದೆ.

ದೊಡ್ಡಪ್ಪ ಪೆಟ್ರೋಲಿನ ಸೀಸೆ ಎತ್ತಿಹಿಡಿದು, "ಏನಿಲ್ಲಪ್ಪ, ಸುಮ್ನೆ ದಮ್ಮು ತಗಳ್ಳಾಕೆ ನಿಂತೀವಿ. ಸ್ವಂತ ಗಾಡಿ ಇಟ್ಕಂಡು ಬಾಡಿಗಿ ಬಸ್ಸು ಹತ್ತಾದಾ? ನಡೀ ನೀನು" ಅಂದರು. ಬಸ್ಸು ಹೋಯಿತು. ಅದರ ಧೂಳು ಆರುವ ತನಕ ಅವ್ವ ಅದೇ ಕಡೆ ನೋಡುತ್ತ ನಿಂತಿದ್ದಳು. ಆಮೇಲೆ ತಲೆ ಬಗ್ಗಿಸಿ ತನ್ನ ನೆರಳು ನೋಡಿಕೊಂಡಳು. ಬಸ್ಸು ನಿಂತಾಗಿನಿಂದ ಅವಳು ಅದನ್ನೇ ನೋಡುತ್ತಿದ್ದಳು ಅಂತ ನನಗೆ ಆಗ ಗೊತ್ತಾಯಿತು. ನೆರಳು ಗಿಡ್ಡವಾಗುತ್ತ ಬಂದು ಕಾಲ ಹತ್ತಿರ ಸೇರಿತ್ತು.

"ಭಾವನೋರಿಗೆ ಹೇಳ್ರಿ" ಅಂದಳು ಅವ್ವ, ಅಪ್ಪನಿಗೆ, ಮೆಲ್ಲಗೆ. "ಬೂದಿ ಕೆಡವ್ಸಾಕೆ ಹೇಳ್ರಿ."

ಅಪ್ಪ ಕಿಟಕಿಯ ಕಡೆ ನೋಡಿದರು, ಅಣ್ಣನ ಕಡೆ ನೋಡಿದರು, ಆಕಾಶದ ಕಡೆಯೂ ನೋಡಿದರು. "ಅಮ್ಮಗೆ ಯಾರು ಹೇಳಾದು?" ಅಂದರು.

ನನಗೆ ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ. ಅಷ್ಟು ಜನ ದೊಡ್ಡವರು! ಬಿಚ್ಚದ ಮೊಳೆಯಿಲ್ಲ, ಊದದ ಕೊಳವೆಯಿಲ್ಲ, ಬೈಯದ ಇದ್ದಿಲಿಲ್ಲ. ಕೆಳಗಿನ ಆ ಒಂದು ಬಾಗಿಲನ್ನು ಮಾತ್ರ ಎಲ್ಲರೂ ದೇವರ ಗರ್ಭಗುಡಿಯ ಹಾಗೆ ಬಿಟ್ಟು ಸುತ್ತು ಹಾಕುತ್ತಿದ್ದರು. ದಾವಣಗೆರೆ ಬಜಾರಿನಲ್ಲಿ ದೊಡ್ಡಪ್ಪನ ಮಾತಿಗೆ ಹತ್ತಿಯ ದರ ಅಲ್ಲಾಡುತ್ತಿತ್ತು, ಅಂಥವರು ತಾಯಿಯ ಶುಕ್ರವಾರಕ್ಕೆ ಹೆದರಿ ಎಂಜಿನ್ನಿನ ಮೂತಿ ಒರೆಸುತ್ತ ನಿಂತಿದ್ದರು.

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನೆಟ್ಟಗೆ ಬಸ್ಸಿನ ಹಿಂದೆ ಬಂದಳು. ನನ್ನನ್ನು "ಸರಿಯೇ" ಅಂತ ಪಕ್ಕಕ್ಕೆ ತಳ್ಳಿದಳು. ಮೊಳೆಯಿಂದ ಕೊಕ್ಕೆ ತೆಗೆದು, ಮಣ್ಣಿನಲ್ಲಿ ಮಂಡಿಯೂರಿ, ಪೀಪಾಯಿಯ ಕೆಳಬಾಗಿಲನ್ನು ಒಂದು ಏಟಿಗೆ ತೆರೆದಳು.

"ಅಮ್ಮಾರೆ, ಕೈ ಸುಡ್ತೈತೆ, ನಾ ಮಾಡ್ತೀನಿ!" ಅಂತ ಅಮೀರ್ ಸಾಬರು ಓಡಿ ಬಂದರು. ಅವ್ವ ಕೊಕ್ಕೆ ಬಿಡಲಿಲ್ಲ. ಒಳಗೆ ಹಾಕಿ ಎಳೆದಳು. ಬೂದಿ, ಗಟ್ಟಿಯಾದ ಕಿಟ್ಟ, ಅರೆಸತ್ತ ಕೆಂಡ ಎಲ್ಲ ಬುಸಬುಸ ಅಂತ ರಸ್ತೆಗೆ ಸುರಿದವು. ಅವ್ವನ ಮುಖ, ರಟ್ಟೆ, ಇಳಕಲ್ ಸೀರೆ ಎಲ್ಲ ಬೆಳ್ಳಗಾದವು.

ಅಜ್ಜಿ ಕಿಟಕಿಯಿಂದ ಅರ್ಧ ಹೊರಬಿದ್ದಳು. "ಏ ಗಿರಿಜಾ! ಶುಕ್ರವಾರ ಮನಿ ಲಕ್ಷ್ಮೀನ ಬೀದಿಗೆ ಚೆಲ್ತೀಯೇನೇ? ನಿಂಗೇನು ಬಂತೇ ರೋಗ?"

ಅವ್ವ ಅತ್ತೆಯ ಮಾತಿಗೆ ಎದುರಾಡಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಅವ್ವ ತಲೆ ಎತ್ತದೆ, ಎಳೆಯುತ್ತಲೇ ಅಂದಳು, "ಪಾಪ ಬಂದ್ರೆ ನಂಗೇ ಬರ್ಲಿ ಬಿಡ್ರಿ ಅತ್ತೆ. ನನ್ನ ತಮ್ಮ ಅಲ್ಲಿ ಬಿಸ್ಲಾಗೆ ಕುಂತಾನೆ."

ಆಮೇಲೆ ಆಶ್ಚರ್ಯ ನಡೆಯಿತು. ಅಪ್ಪ ಬಂದು ನಾನು ಬಿಟ್ಟಿದ್ದ ಫ್ಯಾನಿನ ಹಿಡಿಕೆ ಹಿಡಿದು ಬಿಳಿ ಅಂಗಿಯಲ್ಲೇ ತಿರುವತೊಡಗಿದರು. ಸ್ವಲ್ಪ ಹೊತ್ತಿಗೆ ಅಮೀರ್ ಸಾಬರು ಕಡ್ಡಿ ಗೀರಿದರು. ನೀಲಿ ಉರಿ ಭುಗ್ಗೆಂದಿತು. ದೊಡ್ಡಪ್ಪ, "ನಾ ಹೇಳ್ಳಿಲ್ಲೇನು, ಕೊಳವಿ ಊದಿದ್ದಕ್ಕೆ ಸರಿ ಹೋತು" ಅಂದರು. ಇಂಥ ಮನುಷ್ಯರಿಗೆ ಏನು ಹೇಳುತ್ತೀರಿ ನೀವು?

ಹರಿಹರ ಮುಟ್ಟುವಾಗ ಹೊತ್ತು ಇಳಿದಿತ್ತು. ಹೊಳೆಯ ದಂಡೆಯ ತುಂಬ ಜನ, ಎಲ್ಲೆಲ್ಲೂ ಬುತ್ತಿ ಬಿಚ್ಚಿ ಉಂಡ ಎಲೆಗಳು. ಅವ್ವ ಒಂದೊಂದು ಗುಂಪಿನ ಹತ್ತಿರವೂ ಹೋಗಿ ಬಗ್ಗಿ ನೋಡಿ ಬಂದಳು. ಮಾವ ಇರಲಿಲ್ಲ. ಮರಳಿನಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸೊಬ್ಬಳನ್ನು ಅವ್ವ ಕೇಳಿದಾಗ ಅವಳು, "ಅವ್ರಾ? ಕುಂತಿದ್ರಮ್ಮ ಭಾಳ ಹೊತ್ತು. ದಾರಿ ನೋಡಿ ನೋಡಿ ಎದ್ದು ಮನೀಗೆ ಹೋದ್ರು" ಅಂದಳು.

ದೊಡ್ಡಪ್ಪ ಪಂಚೆ ಬಿಚ್ಚಿ ಸ್ನಾನಕ್ಕೆ ಅಣಿಯಾಗುತ್ತಿದ್ದರು. "ಆಗಾದು ಆತು, ಮುಂದಿನ ವರ್ಷ ನೋಡನ" ಅಂದರು. ಅವ್ವ ನನ್ನ ಕೈ ಹಿಡಿದು ಊರ ಕಡೆ ತಿರುಗಿದಳು. ಬಸ್ಸಿನೊಳಗಿಂದ ಅಜ್ಜಿ ಕೂಗಿದಳು, "ಕರೀದೆ ಹೋಗ್ತೀಯೇನೇ, ಮಾನ ಮರ್ಯಾದಿ ಇಲ್ದೆ?"

ಅವ್ವ ನಿಂತಳು. "ನನ್ನ ತವರಿಗೆ ನನ್ನನ್ನ ಯಾರ್ರೀ ಕರೀಬೇಕು?" ಅಂದಳು, ನಡೆದಳು.

ಅಜ್ಜಿ ಆ ದಿನ ಬಸ್ಸಿನಿಂದ ಇಳಿಯಲೇ ಇಲ್ಲ. ಸಂಜೆ ಮಾವನೇ ಬಂದು ಅವಳಿಗೆ ಅಲ್ಲೇ ಊಟ ಕೊಟ್ಟ, ಅವಳು ಮುಖ ತಿರುಗಿಸಿಕೊಂಡೇ ಎರಡು ಸಲ ಬಡಿಸಿಕೊಂಡಳು. ಅದೆಲ್ಲ ಆಮೇಲಿನ ಮಾತು.

ಗುಡಿಯ ಹಿಂದಿನ ಓಣಿಯಲ್ಲಿ ಅವ್ವ ಎಷ್ಟು ಬಿರುಸಾಗಿ ನಡೆದಳೆಂದರೆ ನಾನು ಲಂಗ ಎತ್ತಿಕೊಂಡು ಓಡಬೇಕಾಯಿತು. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ತಿರುಗಿ ನೋಡಿದರು. ತಲೆಯಿಂದ ಕಾಲಿನ ತನಕ ಬೂದಿ ಮೆತ್ತಿದ ಹೆಂಗಸು, ಮಸಿ ಹಿಡಿದ ಹುಡುಗಿ, ನೋಡದೆ ಇರುತ್ತಾರೆಯೇ? ನನಗೆ ನಾಚಿಕೆಯಿಂದ ಜೀವ ಹೋಗುತ್ತಿತ್ತು. ಅವ್ವನಿಗೆ ಅದರ ಪರಿವೆಯೇ ಇರಲಿಲ್ಲ.

ಮಾವ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಅವನ ಮಕ್ಕಳು ಹಸಿದು ಮುಖ ಬಾಡಿಸಿಕೊಂಡು ಹೊಸ್ತಿಲ ಮೇಲೆ ಸಾಲಾಗಿ ಕೂತಿದ್ದವು. ಅವ್ವ ಅಂಗಳದಲ್ಲಿ ನಿಂತಳು. ವಾರವೆಲ್ಲ ತಾಲೀಮು ಮಾಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಮಾವ ಅವಳನ್ನು ನೋಡಿದ, ಮತ್ತೆ ನೋಡಿದ, ಎದ್ದು ನಿಂತ. ಯಾಕೆ ತಡ ಅಂತ ಕೇಳಲಿಲ್ಲ. ಇದೇನು ವೇಷ ಅಂತಲೂ ಕೇಳಲಿಲ್ಲ. ಒಳಗಡೆ ತಿರುಗಿ ಹೆಂಡತಿಗೆ ಹೇಳಿದ, "ಏ ಇಕಿ, ಅಕ್ಕ ಬಂದಾಳೆ. ಕೈಕಾಲಿಗೆ ನೀರು ತಾ."

ಆಗ ಅವ್ವನ ಬಾಯಿ ಬಿಚ್ಚಿತು. "ಕಾಯ್ತೀನಿ ಅಂದವ್ನು ಇನ್ನೊಂದೀಟು ಕಾಯಾಕೆ ಏನಾಗಿತ್ತೋ ನಿಂಗೆ? ಅಷ್ಟು ಬ್ಯಾಡಾದ್ನೇನೋ ನಾನು?" ಅಂತ ಓಣಿಗೆಲ್ಲ ಕೇಳುವ ಹಾಗೆ ಬೈದಳು, ಬೈಯುತ್ತಲೇ ಅತ್ತಳು. ಬೂದಿಯ ಮುಖದ ಮೇಲೆ ಕಣ್ಣೀರು ಗೆರೆ ಎಳೆದುಕೊಂಡು ಇಳಿಯಿತು.

ಮಾವ ಜಗಲಿಯ ಮೂಲೆಗೆ ಕೈ ತೋರಿಸಿದ. ಹೊಳೆಗೆ ಒಯ್ದು ಹಾಗೇ ತಂದಿದ್ದ ಬುತ್ತಿಯ ಗಂಟು ಅಲ್ಲಿತ್ತು.

"ಕಾಯಾಕತ್ತಿದ್ನಲ್ಲವ್ವಾ" ಅಂದ. "ನೋಡು, ಇನ್ನಾ ಬಿಚ್ಚಿಲ್ಲ."